ಕ್ರಿಯಾಶೀಲ ಅಸಿಟೇಟಿನ ಶೋಧ: ಮೇದಾಮ್ಲಗಳ ಮಧ್ಯವರ್ತಿ ವಸ್ತುಗಳ ತಯಾರಿಕೆ ಮತ್ತು ಸ್ಥಿರತೆಯನ್ನು ಕುರಿತ ಒಂದು ವಿವೇಚನೆ

1. ಪ್ರಶ್ನೆಯ ಸ್ವರೂಪ

ಜೀವರಸಾಯನಶಾಸ್ತ್ರದ ಯಾವ ಪಠ್ಯಪುಸ್ತಕವನ್ನು ತೆರೆದರೂ ಮೇದಾಮ್ಲಗಳು, ಎಂದರೆ ಎಣ್ಣೆ ತುಪ್ಪಗಳ ಮುಖ್ಯ ಘಟಕಗಳಾದ ಆಮ್ಲಗಳು, ಪ್ರಾಣಿಶರೀರದಲ್ಲಿ ಒಡೆಯುವ ಮತ್ತು ಮರಳಿ ಕಟ್ಟಲ್ಪಡುವ ಕ್ರಮವು ಒಂದು ನಕ್ಷೆಯ ರೂಪದಲ್ಲಿ ಕಂಡುಬರುತ್ತದೆ. ಒಂದು ವಸ್ತುವಿನ ಹೆಸರು, ಅದರಿಂದ ಹೊರಟ ಒಂದು ಬಾಣ, ಬಾಣದ ತುದಿಯಲ್ಲಿ ಮತ್ತೊಂದು ಹೆಸರು. ಹೀಗೆ ಆ ನಕ್ಷೆ ಬೆಳೆಯುತ್ತದೆ. ವಿದ್ಯಾರ್ಥಿಯು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸುತ್ತಾನೆ. ಆದರೆ ನಕ್ಷೆಯ ನಡುವಣ ಹೆಸರುಗಳಲ್ಲಿ ಅನೇಕವು ಜೀವಕೋಶದಲ್ಲಿ ಅತ್ಯಲ್ಪ ಪ್ರಮಾಣದಲ್ಲಿ, ಅತ್ಯಲ್ಪ ಕಾಲ ಮಾತ್ರ ಇರತಕ್ಕ ವಸ್ತುಗಳ ಹೆಸರುಗಳು. ಅವು ಹುಟ್ಟಿದೊಡನೆಯೇ ಮುಂದಿನ ಕ್ರಿಯೆಯಲ್ಲಿ ವ್ಯಯವಾಗಿಬಿಡುತ್ತವೆ. ಅಂತಹ ವಸ್ತುವು ಅಲ್ಲಿ ಇದ್ದಿತೆಂದು ನಾವು ನಂಬುವುದು ಯಾವ ಆಧಾರದ ಮೇಲೆ?

ಇತಿಹಾಸದ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಅಪರಿಚಿತವಲ್ಲ. ಮೂಲಗ್ರಂಥವೊಂದು ನಷ್ಟವಾಗಿ, ಇತರರು ಅದರಿಂದ ಎತ್ತಿಕೊಂಡ ಮಾತುಗಳಷ್ಟೇ ಉಳಿದಿರುವಾಗ, ಆ ಗ್ರಂಥವು ಇದ್ದಿತೆಂದೂ ಇಂತಹುದಾಗಿದ್ದಿತೆಂದೂ ನಾವು ಊಹಿಸುತ್ತೇವೆ. ಊಹೆಯು ಎಷ್ಟೇ ಬಲವಾಗಿದ್ದರೂ ಆ ಗ್ರಂಥವನ್ನು ನಾವೇ ರಚಿಸಿ, ಇದೇ ಅದು ಎಂದು ಸಾಧಿಸಲಾರೆವು. ರಸಾಯನಜ್ಞನಿಗೆ ಈ ಅವಕಾಶವುಂಟು. ತಾನು ಊಹಿಸಿದ ವಸ್ತುವನ್ನು ಕೈಯಾರೆ ತಯಾರಿಸಿ, ಜೀವಕೋಶದ ಕ್ರಿಯೆಗಳನ್ನು ನಡೆಸುವ ಕಿಣ್ವದ ಮುಂದಿಟ್ಟು, ಅದು ಇದನ್ನು ತನ್ನದೆಂದು ಸ್ವೀಕರಿಸುವುದೋ ಇಲ್ಲವೋ ಎಂಬುದನ್ನು ಅವನು ಪರೀಕ್ಷಿಸಬಲ್ಲನು. ಮೇದಾಮ್ಲಗಳ ಚರಿತ್ರೆಯಲ್ಲಿ ಊಹೆಯನ್ನು ಜ್ಞಾನವನ್ನಾಗಿ ಮಾಡಿದುದು ಈ ತಯಾರಿಕೆಯೇ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕ್ರಿಯಾಶೀಲ ಮಧ್ಯವರ್ತಿ ಎಂದರೇನು? ಸುಣ್ಣದ ಕಲ್ಲನ್ನು ಪುಡಿಮಾಡಿ ನೀರಿಗೆ ಹಾಕಿದರೆ ಗಾರೆಯಾಗುವುದಿಲ್ಲ. ಅದನ್ನು ಗೂಡಿನಲ್ಲಿ ಸುಡಬೇಕು. ಸುಟ್ಟ ಸುಣ್ಣವು ಬೆಂಕಿಯಿಂದ ಪಡೆದ ಶಕ್ತಿಯನ್ನು ತನ್ನಲ್ಲಿ ಇಟ್ಟುಕೊಂಡಿರುತ್ತದೆ. ನೀರು ಸೋಂಕಿದೊಡನೆ ಕುದಿಯುತ್ತದೆ. ಆದರೆ ಇದೇ ಗುಣದಿಂದ ಅದನ್ನು ಕಾಪಾಡುವುದೂ ಕಷ್ಟ. ತೇವದ ಗಾಳಿಯಲ್ಲಿಟ್ಟರೆ ಕೆಲಸಕ್ಕೆ ಬರುವ ಮೊದಲೇ ತಾನಾಗಿ ಅರಳಿ ಕೆಟ್ಟುಹೋಗುತ್ತದೆ. ಕ್ರಿಯಾಶೀಲ ಮಧ್ಯವರ್ತಿಯ ಸ್ಥಿತಿಯೂ ಇಂತಹುದೇ. ಕೆಲಸ ಮಾಡುವಷ್ಟು ಅಸ್ಥಿರವಾಗಿಯೂ, ಕೆಲಸದ ಸ್ಥಳಕ್ಕೆ ತಲಪುವಷ್ಟು ಸ್ಥಿರವಾಗಿಯೂ ಅದು ಇರಬೇಕು.

2. ಕ್ನೂಪ್ ಅವರ ನಾಯಿಗಳು

ಚರಿತ್ರೆಯು 1904ರಲ್ಲಿ, ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ ಪ್ರಾರಂಭವಾಗುತ್ತದೆ. ಮೇದಾಮ್ಲವು ಇಂಗಾಲದ ಪರಮಾಣುಗಳ ಒಂದು ಉದ್ದನೆಯ ಸರಪಣಿ. ಶರೀರವು ಅದನ್ನು ಪೂರ್ಣವಾಗಿ ದಹಿಸಿಬಿಡುವುದರಿಂದ ದಹನದ ಮಾರ್ಗದಲ್ಲಿ ಗುರುತೇನೂ ಉಳಿಯುವುದಿಲ್ಲ. ಫ್ರಾನ್ಸ್ ಕ್ನೂಪ್ ಎಂಬ ಸಂಶೋಧಕರು ಇದಕ್ಕೆ ಒಂದು ಸುಲಭವಾದ ಉಪಾಯವನ್ನು ಹೂಡಿದರು. ಶರೀರವು ಬೆನ್‌ಜೀನ್ ಉಂಗುರವನ್ನು ದಹಿಸಲಾರದು. ಆದುದರಿಂದ ಸರಪಣಿಯ ತುದಿಗೆ ಆ ಉಂಗುರವನ್ನು ಸೇರಿಸಿದ ಆಮ್ಲಗಳನ್ನು ನಾಯಿಗಳಿಗೆ ತಿನ್ನಿಸಿ, ಅವುಗಳ ಮೂತ್ರದಲ್ಲಿ ಉಂಗುರವು ಎಷ್ಟು ಉದ್ದದ ಬಾಲದೊಡನೆ ಹೊರಬರುತ್ತದೆ ಎಂಬುದನ್ನು ನೋಡಿದರು.

ಫಲಿತಾಂಶವು ಸ್ಪಷ್ಟವಾಗಿದ್ದಿತು. ಬಾಲದಲ್ಲಿ ಮೂರು ಅಥವಾ ಐದು, ಹೀಗೆ ಬೆಸಸಂಖ್ಯೆಯ ಇಂಗಾಲಗಳಿದ್ದಾಗ ಬೆನ್‌ಜೋಯಿಕ್ ಆಮ್ಲವು ಗ್ಲೈಸೀನಿನೊಡನೆ ಕೂಡಿ ಹಿಪ್ಯೂರಿಕ್ ಆಮ್ಲವಾಗಿ ಹೊರಬಂದಿತು. ನಾಲ್ಕರಂತಹ ಸಮಸಂಖ್ಯೆಯ ಇಂಗಾಲಗಳಿದ್ದಾಗ ಫೀನೈಲ್ ಅಸಿಟಿಕ್ ಆಮ್ಲವು ಅದೇ ಗ್ಲೈಸೀನಿನೊಡನೆ ಕೂಡಿ ಫೆನಾಸಿಟ್ಯೂರಿಕ್ ಆಮ್ಲವಾಗಿ ಹೊರಬಂದಿತು. ಸರಪಣಿಯು ಒಂದೊಂದು ಇಂಗಾಲವಾಗಿ ಸವೆಯುವುದಾಗಿದ್ದರೆ ಈ ವ್ಯತ್ಯಾಸಕ್ಕೆ ಕಾರಣವಿರುತ್ತಿರಲಿಲ್ಲ. ಆದುದರಿಂದ ಅದು ಎರಡೆರಡು ಇಂಗಾಲಗಳಾಗಿ ಕತ್ತರಿಸಲ್ಪಡುತ್ತದೆಂದೂ, ಆಮ್ಲದ ಕೊನೆಯಿಂದ ಬೀಟಾ ಎಂದು ಕರೆಯಲಾಗುವ ಇಂಗಾಲದ ಬಳಿ ಉತ್ಕರ್ಷಣೆ ನಡೆಯುತ್ತದೆಂದೂ ಕ್ನೂಪ್ ಅವರು ತೀರ್ಮಾನಿಸಿದರು.

ಆದರೆ ಕತ್ತರಿಸಿಹೋದ ಆ ಎರಡು ಇಂಗಾಲಗಳ ತುಂಡು ಯಾವ ರೂಪದಲ್ಲಿರುತ್ತದೆ? ನಾಯಿಗಳ ಮೂತ್ರವು ಉಳಿದ ಭಾಗದ ಕಥೆಯನ್ನು ಹೇಳಿತೇ ಹೊರತು ಹೋದ ಭಾಗದ ಕಥೆಯನ್ನು ಹೇಳಲಿಲ್ಲ. ಎರಡು ಇಂಗಾಲಗಳ ಪರಿಚಿತ ಆಮ್ಲವೆಂದರೆ ಹುಳಿಗೆ ಹೆಸರಾದ ಅಸಿಟಿಕ್ ಆಮ್ಲ. ಅದೇ ಇರಬೇಕೆಂಬ ಊಹೆ ಸಹಜವಾಗಿಯೇ ಹುಟ್ಟಿತು.

3. ವಸ್ತುವಿಗೆ ಮೊದಲು ಬಂದ ಹೆಸರು

ಈ ಊಹೆಗೆ ಬಲವನ್ನೂ ತೊಡಕನ್ನೂ ಒಟ್ಟಿಗೇ ತಂದುದು ನಂತರದ ಪ್ರಯೋಗಗಳು. ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ರುಡೋಲ್ಫ್ ಶೋನ್‌ಹೈಮರ್ ಮತ್ತು ಡೇವಿಡ್ ರಿಟನ್‌ಬರ್ಗ್ ಅವರು 1935ರಿಂದ ಭಾರಜಲಜನಕವನ್ನು ಗುರುತಾಗಿ ಬಳಸುವ ವಿಧಾನವನ್ನು ಬೆಳೆಸಿದ್ದರು. ಅದೇ ಸಂಸ್ಥೆಯಲ್ಲಿ 1944ರ ಸುಮಾರಿಗೆ ರಿಟನ್‌ಬರ್ಗ್ ಮತ್ತು ಕಾನ್ರಾಡ್ ಬ್ಲಾಕ್ ಅವರು ಗುರುತು ಹಾಕಿದ ಅಸಿಟಿಕ್ ಆಮ್ಲವನ್ನು ಪ್ರಾಣಿಗಳಿಗೆ ಕೊಟ್ಟು, ಆ ಗುರುತು ಶರೀರದ ಮೇದಾಮ್ಲಗಳಲ್ಲಿ ಸೇರಿಕೊಳ್ಳುವುದನ್ನು ತೋರಿಸಿದರು. ಹೀಗೆ ಒಡೆಯುವ ದಾರಿಯಲ್ಲಿಯೂ ಕಟ್ಟುವ ದಾರಿಯಲ್ಲಿಯೂ ಎರಡು ಇಂಗಾಲಗಳ ತುಂಡೇ ನಾಣ್ಯವಾಗಿ ಚಲಾವಣೆಯಾಗುತ್ತದೆಂಬುದು ಖಚಿತವಾಯಿತು.

ತೊಡಕೆಂದರೆ, ಅಸಿಟಿಕ್ ಆಮ್ಲವು ಸ್ವತಃ ಜಡವಾದ ವಸ್ತು. ಅದನ್ನು ನೀರಿನಲ್ಲಿ ಇನ್ನೊಂದು ವಸ್ತುವಿನೊಡನೆ ಬೆರೆಸಿಟ್ಟರೆ ಏನೂ ಆಗುವುದಿಲ್ಲ. ಜೀವಕೋಶದ ರಸದಲ್ಲಿಯೂ ಅದು ಕೆಲಸ ಮಾಡಬೇಕಾದರೆ ಶಕ್ತಿಯ ಭಂಡಾರವಾದ ಎ.ಟಿ.ಪಿ. ಜೊತೆಗಿರಬೇಕು. ಆದುದರಿಂದ ಎ.ಟಿ.ಪಿ.ಯ ಸಹಾಯದಿಂದ ಅಸಿಟಿಕ್ ಆಮ್ಲವು ಚುರುಕಾದ ಮತ್ತೊಂದು ರೂಪವನ್ನು ತಾಳುತ್ತಿರಬೇಕು. ಆ ರೂಪಕ್ಕೆ ವಿದ್ವಾಂಸರು ಕ್ರಿಯಾಶೀಲ ಅಸಿಟೇಟ್ ಎಂದು ಹೆಸರಿಟ್ಟರು. ಅದು ಏನು ಎಂಬುದು ಯಾರಿಗೂ ತಿಳಿದಿರಲಿಲ್ಲ. ಹೆಸರೊಂದನ್ನು ಇಟ್ಟ ಮಾತ್ರಕ್ಕೆ ವಸ್ತುವು ಕೈಸೇರಿದಂತೆ ಆಗುವುದಿಲ್ಲ. ಆದರೆ ಏನನ್ನು ಹುಡುಕಬೇಕೆಂಬುದನ್ನು ಆ ಹೆಸರು ಎಲ್ಲರ ನೆನಪಿನಲ್ಲಿ ಇರಿಸಿತು.

4. ತಪ್ಪು ಹಾದಿಯ ಸಾರ್ಥಕತೆ: ಅಸಿಟೈಲ್ ಫಾಸ್ಫೇಟ್

ಕ್ರಿಯಾಶೀಲ ಅಸಿಟೇಟಿನ ಸ್ಥಾನಕ್ಕೆ ಮೊದಲು ಹಕ್ಕು ಹೂಡಿದ ವಸ್ತು ಅಸಿಟೈಲ್ ಫಾಸ್ಫೇಟ್. ಫ್ರಿಟ್ಸ್ ಲಿಪ್‌ಮನ್ ಅವರು ಲ್ಯಾಕ್ಟೋಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಗಳಲ್ಲಿ ಪೈರೂವಿಕ್ ಆಮ್ಲದ ಉತ್ಕರ್ಷಣೆಯನ್ನು ಅಭ್ಯಾಸ ಮಾಡುತ್ತಿದ್ದಾಗ, 1940ರ ಸುಮಾರಿಗೆ ಇದನ್ನು ಗುರುತಿಸಿದರು. ಅಸಿಟಿಕ್ ಆಮ್ಲದ ಶೇಷಭಾಗವು ಫಾಸ್ಫೇಟಿನೊಡನೆ ಕೂಡಿದ ಈ ವಸ್ತುವಿನಲ್ಲಿ ಶಕ್ತಿಯು ತುಂಬಿರುತ್ತದೆ. ಜೀವಕೋಶವು ಶಕ್ತಿಯನ್ನು ಫಾಸ್ಫೇಟ್ ಬಂಧಗಳಲ್ಲಿ ಸಂಗ್ರಹಿಸುತ್ತದೆಂಬ ತತ್ತ್ವವನ್ನು 1941ರ ಪ್ರಸಿದ್ಧ ಪ್ರಬಂಧದಲ್ಲಿ ಪ್ರತಿಪಾದಿಸಿದವರೂ ಲಿಪ್‌ಮನ್ನರೇ. ಆದುದರಿಂದ ಅಸಿಟೈಲ್ ಫಾಸ್ಫೇಟೇ ಕ್ರಿಯಾಶೀಲ ಅಸಿಟೇಟ್ ಎಂಬ ಊಹೆಯು ತತ್ತ್ವಕ್ಕೂ ಪ್ರಯೋಗಕ್ಕೂ ಹೊಂದಿಕೊಂಡಿದ್ದಿತು.

ಇದರ ಅಸ್ಥಿರತೆಯಿಂದ ಉಂಟಾದ ಒಂದು ತೊಂದರೆಯನ್ನು ಇಲ್ಲಿ ಹೇಳುವುದು ಉಚಿತ. ಫಾಸ್ಫೇಟನ್ನು ಅಳೆಯಲು ಆಗ ಎಲ್ಲೆಡೆಯೂ ಬಳಕೆಯಲ್ಲಿದ್ದ ಕ್ರಮವು, ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅವರು ಸೈರಸ್ ಫಿಸ್ಕ್ ಅವರೊಡನೆ ಹಾರ್ವರ್ಡಿನಲ್ಲಿ ರೂಪಿಸಿ 1925ರಲ್ಲಿ ಪ್ರಕಟಿಸಿದ ವರ್ಣಮಾಪನ ಕ್ರಮ. ಅದರಲ್ಲಿ ದ್ರವವು ಆಮ್ಲಯುಕ್ತವಾಗಿರುತ್ತದೆ. ಅಸಿಟೈಲ್ ಫಾಸ್ಫೇಟು ಆ ಆಮ್ಲದಲ್ಲಿಯೇ ಮುರಿದು, ಮೊದಲಿನಿಂದಲೂ ಬಿಡಿಯಾಗಿದ್ದ ಫಾಸ್ಫೇಟಿನ ಲೆಕ್ಕಕ್ಕೆ ಸೇರಿಬಿಡುತ್ತಿದ್ದಿತು. ಅಳೆಯುವ ಕ್ರಮವೇ ವಸ್ತುವನ್ನು ಅಳಿಸಿಹಾಕುತ್ತಿದ್ದಿತು. ಆದುದರಿಂದ ಲಿಪ್‌ಮನ್ ಮತ್ತು ಕಾನ್‌ಸ್ಟನ್ಸ್ ಟಟಲ್ ಅವರು 1945ರಲ್ಲಿ ಬೇರೊಂದು ವಿಧಾನವನ್ನು ಪ್ರಕಟಿಸಿದರು. ಹೈಡ್ರಾಕ್ಸಿಲಮೀನ್ ಎಂಬ ವಸ್ತುವನ್ನು ಸೇರಿಸಿದರೆ ಅದು ಚುರುಕಾದ ಅಸಿಟೈಲ್ ಭಾಗವನ್ನು ಹಿಡಿದುಕೊಂಡು ಹೈಡ್ರಾಕ್ಸಮಿಕ್ ಆಮ್ಲವಾಗುತ್ತದೆ. ಅದಕ್ಕೆ ಕಬ್ಬಿಣದ ಲವಣವನ್ನು ಹಾಕಿದರೆ ಕೆಂಪುಮಿಶ್ರಿತ ನೇರಿಳೆಯ ಬಣ್ಣ ಬರುತ್ತದೆ. ಓಡುತ್ತಿರುವುದನ್ನು ಬೋನಿನಲ್ಲಿ ಹಿಡಿದು, ಬಣ್ಣದಿಂದ ಎಣಿಸುವ ಈ ಕ್ರಮವು ಮುಂದಿನ ಶೋಧನೆಗಳಿಗೆಲ್ಲ ಉಪಕರಣವಾಯಿತು.

ಅಸಿಟೈಲ್ ಫಾಸ್ಫೇಟನ್ನು ತಯಾರಿಸಿ ಪ್ರಾಣಿಯ ಅಂಗಾಂಶದ ರಸಕ್ಕೆ ಹಾಕಿ ನೋಡಿದಾಗ ಊಹೆಯು ಬಿದ್ದುಹೋಯಿತು. ಪಾರಿವಾಳದ ಯಕೃತ್ತಿನ ರಸದಲ್ಲಿ ಅದು ಅಸಿಟೇಟ್ ಮತ್ತು ಎ.ಟಿ.ಪಿ.ಗಳ ಕೆಲಸವನ್ನು ಮಾಡಲಿಲ್ಲ. ವಸ್ತುವು ಕೈಯಲ್ಲಿ ಇಲ್ಲದಿದ್ದರೆ ಈ ತೀರ್ಪು ಸಾಧ್ಯವಾಗುತ್ತಿರಲಿಲ್ಲ. ತತ್ತ್ವಕ್ಕೆ ಒಪ್ಪುವ ಊಹೆಯೊಂದು ಪಠ್ಯಪುಸ್ತಕಗಳಲ್ಲಿ ನೆಲೆಯೂರುತ್ತಿದ್ದಿತೋ ಏನೋ. ಕೆಲವು ಬ್ಯಾಕ್ಟೀರಿಯಗಳಲ್ಲಿ ಅಸಿಟೈಲ್ ಫಾಸ್ಫೇಟಿಗೆ ನಿಜವಾದ ಸ್ಥಾನವುಂಟೆಂಬುದು ಅರ್ಲ್ ಸ್ಟಾಟ್‌ಮನ್ ಮೊದಲಾದವರ ಸಂಶೋಧನೆಗಳಿಂದ ತಿಳಿದುಬಂದಿತು. ಆದರೆ ಪ್ರಾಣಿಶರೀರದ ಕ್ರಿಯಾಶೀಲ ಅಸಿಟೇಟ್ ಅದಾಗಿರಲಿಲ್ಲ.

5. ಹಳಸಿದ ರಸ ಮತ್ತು ಕೋಎನ್‌ಜೈಮ್ ಎ

ಬಾಸ್ಟನ್ನಿನ ಮಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಲಿಪ್‌ಮನ್ನರು ಆರಿಸಿಕೊಂಡ ಪ್ರಯೋಗವು ಸರಳವಾದುದು. ಸಲ್ಫನಿಲಮೈಡ್ ಎಂಬ ಔಷಧಕ್ಕೆ ಯಕೃತ್ತಿನ ರಸವು ಅಸಿಟೈಲ್ ಭಾಗವನ್ನು ಅಂಟಿಸುತ್ತದೆ. ಅಂಟಿದ ಔಷಧವು ಬಣ್ಣದ ಪರೀಕ್ಷೆಗೆ ಸಿಗುವುದಿಲ್ಲ. ಅಂಟದೆ ಉಳಿದುದು ಸಿಗುತ್ತದೆ. ಬಣ್ಣವು ಎಷ್ಟು ಕಡಿಮೆಯಾಯಿತೋ ಅಷ್ಟು ಕ್ರಿಯೆ ನಡೆಯಿತೆಂದು ಲೆಕ್ಕ.

ಈ ರಸವನ್ನು ಕೆಲವು ಗಂಟೆಗಳ ಕಾಲ ಹಾಗೆಯೇ ಇಟ್ಟರೆ ಅದರ ಶಕ್ತಿಯು ಉಡುಗುತ್ತಿದ್ದಿತು. ಹೊಸ ಯಕೃತ್ತನ್ನು ಕುದಿಸಿ ತೆಗೆದ ರಸವನ್ನು ಸ್ವಲ್ಪ ಸೇರಿಸಿದರೆ ಹಳಸಿದ ರಸವು ಮತ್ತೆ ಚೇತರಿಸಿಕೊಳ್ಳುತ್ತಿದ್ದಿತು. ಕುದಿಸಿದಾಗ ಕಿಣ್ವಗಳು ನಾಶವಾಗುತ್ತವೆ. ಆದುದರಿಂದ ಕುದಿತಕ್ಕೆ ಜಗ್ಗದ, ಆದರೆ ರಸದೊಳಗಣ ಕಿಣ್ವಗಳಿಂದ ನಿಧಾನವಾಗಿ ನಾಶವಾಗುವ ಯಾವುದೋ ಸಣ್ಣ ವಸ್ತುವು ಈ ಕ್ರಿಯೆಗೆ ಅಗತ್ಯವೆಂದು ಸಿದ್ಧವಾಯಿತು. 1945ರಲ್ಲಿ ಪ್ರಕಟವಾದ ಈ ಸಹಕಿಣ್ವಕ್ಕೆ ಕೋಎನ್‌ಜೈಮ್ ಎ ಎಂಬ ಹೆಸರು ಬಂದಿತು. ಅಸಿಟೇಟನ್ನು ಚುರುಕುಗೊಳಿಸುವ ಕೆಲಸವನ್ನು ‘ಎ’ ಅಕ್ಷರವು ಸೂಚಿಸುತ್ತದೆ. ಪ್ಯಾಂಟೋಥೆನಿಕ್ ಆಮ್ಲವೆಂಬ ಜೀವಸತ್ತ್ವವು ಇದರ ಒಂದು ಭಾಗವೆಂಬುದು 1947ರಲ್ಲಿ ಗೊತ್ತಾಯಿತು. ಆ ಜೀವಸತ್ತ್ವದಿಂದ ಶರೀರಕ್ಕೆ ಏನು ಉಪಯೋಗವೆಂಬ ಪ್ರಶ್ನೆಗೂ ಇದರಿಂದ ಉತ್ತರ ದೊರೆತಂತಾಯಿತು.

ಆದರೂ ಅಸಿಟೈಲ್ ಭಾಗವು ಈ ದೊಡ್ಡ ಅಣುವಿನ ಯಾವ ಅಂಗಕ್ಕೆ ಅಂಟಿಕೊಳ್ಳುತ್ತದೆ ಎಂಬುದು ತಿಳಿಯಲಿಲ್ಲ. ಬಂಧವು ಯಾವುದೆಂದು ತಿಳಿಯುವವರೆಗೆ ಕ್ರಿಯಾಶೀಲ ಅಸಿಟೇಟು ಹೆಸರಾಗಿಯೇ ಉಳಿಯಬೇಕಾಗಿದ್ದಿತು.

6. ಗಂಧಕದ ಬಂಧ

ಉತ್ತರವು ಯುದ್ಧದಿಂದ ಜರ್ಜರಿತವಾಗಿದ್ದ ಮ್ಯೂನಿಕ್ ನಗರದಿಂದ ಬಂದಿತು. ಅಲ್ಲಿ ಫಿಯೋಡೋರ್ ಲೀನೆನ್ ಅವರು ಯೀಸ್ಟಿನಲ್ಲಿ ಅಸಿಟಿಕ್ ಆಮ್ಲದ ಪರಿವರ್ತನೆಯನ್ನು ಅಭ್ಯಾಸ ಮಾಡುತ್ತಿದ್ದರು. ಇಂತಹ ಕ್ರಿಯೆಗಳು ಚೆನ್ನಾಗಿ ನಡೆಯಬೇಕಾದರೆ ಸಿಸ್ಟೀನ್, ಗ್ಲುಟಥಯೋನ್ ಮೊದಲಾದ ಗಂಧಕಯುಕ್ತ ವಸ್ತುಗಳನ್ನು ಸೇರಿಸಬೇಕೆಂಬುದು ತಿಳಿದಿದ್ದ ಸಂಗತಿಯೇ. ಕೋಎನ್‌ಜೈಮ್ ಎಯಲ್ಲಿಯೂ ಗಂಧಕವಿದ್ದಿತು. ಹಾಗಾದರೆ ಅಸಿಟೈಲ್ ಭಾಗವು ಆಮ್ಲಜನಕಕ್ಕಾಗಲಿ ಸಾರಜನಕಕ್ಕಾಗಲಿ ಅಂಟದೆ ಗಂಧಕಕ್ಕೇ ಅಂಟಿರಬಾರದೇಕೆ?

ಲೀನೆನ್ ಮತ್ತು ಅವರ ಸಹಾಯಕಿ ಅರ್ನೆಸ್ಟೀನ್ ರೈಕರ್ಟ್ ಅವರು ಯೀಸ್ಟಿನಿಂದ ಕ್ರಿಯಾಶೀಲ ಅಸಿಟೇಟನ್ನು ಬೇರ್ಪಡಿಸಿ, 1951ರಲ್ಲಿ ಅದು ಅಸಿಟೈಲ್ ಕೋಎನ್‌ಜೈಮ್ ಎ ಎಂದೂ, ಬಂಧವು ಗಂಧಕದ ಮೂಲಕ ಆಗಿದೆಯೆಂದೂ ತೋರಿಸಿದರು. ಇಲ್ಲಿ ಸಹಾಯಕ್ಕೆ ಬಂದುದು ನೈಟ್ರೋಪ್ರಸೈಡ್ ಪರೀಕ್ಷೆ. ಬಿಡಿಯಾದ ಗಂಧಕ-ಜಲಜನಕ ಗುಂಪು ನೈಟ್ರೋಪ್ರಸೈಡಿನೊಡನೆ ಕೆಂಪುಬಣ್ಣವನ್ನು ಕೊಡುತ್ತದೆ. ಗಂಧಕಕ್ಕೆ ಅಸಿಟೈಲ್ ಭಾಗವು ಅಂಟಿಕೊಂಡಿದ್ದರೆ ಆ ಬಣ್ಣ ಕೂಡಲೇ ಬರುವುದಿಲ್ಲ. ಕ್ಷಾರದಿಂದ ಬಂಧವನ್ನು ಮುರಿದ ಮೇಲೆ ಬರುತ್ತದೆ. ಮುಚ್ಚಿದ್ದ ಗಂಧಕವು ತೆರೆದುಕೊಂಡಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಇಂತಹ ಬಂಧಕ್ಕೆ ಥಯೋಎಸ್ಟರ್ ಎಂದು ಹೆಸರು.

ಆದರೂ ಅಂತಿಮ ತೀರ್ಪು ಕಿಣ್ವಕ್ಕೆ ಸೇರಿದುದು. ನ್ಯೂಯಾರ್ಕಿನಲ್ಲಿ ಸೆವೆರೊ ಒಚೊವ ಅವರು ಸಿಟ್ರಿಕ್ ಆಮ್ಲವನ್ನು ಕಟ್ಟುವ ಕಿಣ್ವವನ್ನು ಹರಳಿನ ರೂಪದಲ್ಲಿ ಪಡೆದಿದ್ದರು. ಮ್ಯೂನಿಕ್ಕಿನ ಅಸಿಟೈಲ್ ಕೋಎನ್‌ಜೈಮ್ ಎಯನ್ನು ಆಕ್ಸಲೋಅಸಿಟಿಕ್ ಆಮ್ಲದೊಡನೆ ಆ ಕಿಣ್ವದ ಮುಂದಿಟ್ಟಾಗ ಸಿಟ್ರಿಕ್ ಆಮ್ಲವು ಉತ್ಪತ್ತಿಯಾಯಿತು. ಹುಡುಕುತ್ತಿದ್ದ ವಸ್ತುವು ಇದೇ ಎಂಬ ವಿಷಯದಲ್ಲಿ ಬಳಿಕ ಸಂದೇಹಕ್ಕೆ ಎಡೆಯಿರಲಿಲ್ಲ. ಲಿಪ್‌ಮನ್ನರಿಗೆ 1953ರಲ್ಲಿಯೂ, ಲೀನೆನ್ ಮತ್ತು ಬ್ಲಾಕ್ ಅವರಿಗೆ 1964ರಲ್ಲಿಯೂ ನೊಬೆಲ್ ಪಾರಿತೋಷಕ ದೊರೆಯಿತು.

7. ಥಯೋಎಸ್ಟರಿನ ಎರಡು ಮುಖಗಳು

ಪ್ರಕೃತಿಯು ಗಂಧಕವನ್ನೇ ಏಕೆ ಆರಿಸಿಕೊಂಡಿತು? ಸಾಮಾನ್ಯ ಎಸ್ಟರಿನಲ್ಲಿ ಆಮ್ಲಜನಕವು ತನ್ನ ಎಲೆಕ್ಟ್ರಾನುಗಳನ್ನು ಪಕ್ಕದ ಇಂಗಾಲದೊಡನೆ ಚೆನ್ನಾಗಿ ಹಂಚಿಕೊಂಡು ಅದನ್ನು ಶಾಂತಗೊಳಿಸುತ್ತದೆ. ಗಂಧಕದ ಪರಮಾಣುವು ದೊಡ್ಡದಾದುದರಿಂದ ಈ ಹಂಚಿಕೆ ಅಷ್ಟು ಚೆನ್ನಾಗಿ ಆಗುವುದಿಲ್ಲ. ಅದರ ಫಲವಾಗಿ ಇಂಗಾಲವು ಇತರ ವಸ್ತುಗಳ ಆಕ್ರಮಣಕ್ಕೆ ತೆರೆದೇ ಇರುತ್ತದೆ. ಅದರ ನೆರೆಯ ಇಂಗಾಲದಿಂದ ಜಲಜನಕವು ಕಳಚಿಕೊಳ್ಳುವುದೂ ಸುಲಭವಾಗುತ್ತದೆ. ಹೀಗೆ ಅಸಿಟೈಲ್ ಭಾಗವು ತಲೆಯ ಕಡೆಯಿಂದಲೂ ಬಾಲದ ಕಡೆಯಿಂದಲೂ ಕ್ರಿಯೆಗೆ ಸಿದ್ಧವಾಗಿರುತ್ತದೆ. ಈ ಬಂಧವು ನೀರಿನಿಂದ ಮುರಿದಾಗ ಒಂದು ಮೋಲ್ ವಸ್ತುವಿಗೆ ಸುಮಾರು 31 ಕಿಲೋಜೂಲ್, ಎಂದರೆ ಏಳೂವರೆ ಕಿಲೋಕ್ಯಾಲೊರಿಗಳಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಎ.ಟಿ.ಪಿ.ಯಿಂದ ಒಂದು ಫಾಸ್ಫೇಟು ಕಳಚಿದಾಗ ದೊರೆಯುವ ಶಕ್ತಿಯೂ ಹೆಚ್ಚು ಕಡಿಮೆ ಅಷ್ಟೇ.

ಇಷ್ಟು ಶಕ್ತಿಯುಳ್ಳ ವಸ್ತುವು ನೀರೇ ತುಂಬಿರುವ ಜೀವಕೋಶದಲ್ಲಿ ಕ್ಷಣಮಾತ್ರದಲ್ಲಿ ಹಾಳಾಗಬೇಕಲ್ಲವೇ ಎಂದು ವಾಚಕರು ಕೇಳಬಹುದು. ಶಕ್ತಿ ಬೇರೆ, ವೇಗ ಬೇರೆ ಎಂಬುದನ್ನು ಇಲ್ಲಿ ನೆನಪಿಡಬೇಕು. ತಟಸ್ಥ ದ್ರಾವಣದಲ್ಲಿ ಥಯೋಎಸ್ಟರು ನೀರಿನಿಂದ ಮುರಿಯುವುದು ಸಾಮಾನ್ಯ ಎಸ್ಟರಿನಷ್ಟೇ ನಿಧಾನವಾಗಿ. ಆದರೆ ಅಮೀನುಗಳೊಡನೆಯೂ ಇತರ ಗಂಧಕ ಗುಂಪುಗಳೊಡನೆಯೂ ಅದು ಸಾಮಾನ್ಯ ಎಸ್ಟರಿಗಿಂತ ಬಹಳ ವೇಗವಾಗಿ ವರ್ತಿಸುತ್ತದೆ. ನೀರಿಗೆ ಸುಲಭವಾಗಿ ಬಲಿಯಾಗದೆ, ಕಿಣ್ವವು ಕರೆದಾಗ ಓಗೊಡುವ ಈ ಗುಣವೇ ಅದರ ಯೋಗ್ಯತೆ. ಪ್ರಯೋಗಶಾಲೆಯಲ್ಲಿಯೂ ಇದನ್ನೇ ಅನುಸರಿಸಲಾಗುತ್ತದೆ: ಕ್ಷಾರವನ್ನು ದೂರವಿಟ್ಟು, ದ್ರಾವಣವನ್ನು ಸ್ವಲ್ಪ ಆಮ್ಲಯುಕ್ತವಾಗಿ, ತಣ್ಣಗೆ ಇರಿಸುತ್ತಾರೆ, ಹೆಚ್ಚು ಕಾಲ ಇಡಬೇಕಾದರೆ ಒಣಪುಡಿಯಾಗಿಸಿ ಹೆಪ್ಪುಗಟ್ಟುವ ಶೈತ್ಯದಲ್ಲಿಡುತ್ತಾರೆ.

ಎಲ್ಲ ಥಯೋಎಸ್ಟರುಗಳೂ ಒಂದೇ ಸಮನಾಗಿ ಬಾಳುವುದಿಲ್ಲ. ಸಕ್ಸಿನೈಲ್ ಕೋಎನ್‌ಜೈಮ್ ಎ ಎಂಬ ವಸ್ತುವಿನ ಬಾಲದ ತುದಿಯಲ್ಲಿ ಮತ್ತೊಂದು ಆಮ್ಲಗುಂಪು ಇರುತ್ತದೆ. ಆ ಬಾಲವು ಹಿಂದಕ್ಕೆ ಬಾಗಿ ತನ್ನದೇ ಗಂಧಕಬಂಧವನ್ನು ಕಡಿಯುತ್ತದೆ. ಆದುದರಿಂದ ಅದು ತಟಸ್ಥ ದ್ರಾವಣದಲ್ಲಿ ಅಸಿಟೈಲ್ ಕೋಎನ್‌ಜೈಮ್ ಎಗಿಂತ ಬಹಳ ಬೇಗ ಹಾಳಾಗುತ್ತದೆ. ಇಂತಹ ವಸ್ತುಗಳು ಕಿಣ್ವದ ಅಪ್ಪಣೆಯಿಲ್ಲದೆಯೇ ಜೀವಕೋಶದ ಪ್ರೋಟೀನುಗಳಿಗೆ ಅಂಟಿಕೊಳ್ಳುವುದೂ ಉಂಟೆಂದು ಈ ಶತಮಾನದ ಸಂಶೋಧನೆಗಳು ತೋರಿಸಿವೆ.

8. ತಯಾರಿಕೆಯ ಕ್ರಮಗಳು

ಯೀಸ್ಟಿನಿಂದ ಬೇರ್ಪಡಿಸುವುದು ಶ್ರಮದ ಕೆಲಸ, ದೊರೆಯುತ್ತಿದ್ದುದೂ ಅತ್ಯಲ್ಪ. ಕೊಲಂಬಿಯ ವಿಶ್ವವಿದ್ಯಾನಿಲಯದ ಸೈಮನ್ ಮತ್ತು ಡೇವಿಡ್ ಶೆಮಿನ್ ಅವರು 1953ರಲ್ಲಿ ಪ್ರಕಟಿಸಿದ ಸರಳ ಕ್ರಮವು ಈ ಕೊರತೆಯನ್ನು ನಿವಾರಿಸಿತು. ಕೋಎನ್‌ಜೈಮ್ ಎಯನ್ನು ಮಂಜುಗಡ್ಡೆಯಷ್ಟು ತಣ್ಣಗಿರುವ ನೀರಿನಲ್ಲಿ ಕರಗಿಸಿ, ಬೈಕಾರ್ಬೊನೇಟನ್ನು ಹಾಕಿ, ಸಕ್ಸಿನಿಕ್ ಅನ್‌ಹೈಡ್ರೈಡನ್ನು ಸೇರಿಸಿ ಅಲುಗಿಸಿದರೆ ಸಕ್ಸಿನೈಲ್ ಕೋಎನ್‌ಜೈಮ್ ಎ ಸಿದ್ಧವಾಗುತ್ತದೆ. ಅಸಿಟಿಕ್ ಅನ್‌ಹೈಡ್ರೈಡನ್ನು ಬಳಸಿದರೆ ಇದೇ ರೀತಿಯಲ್ಲಿ ಅಸಿಟೈಲ್ ಕೋಎನ್‌ಜೈಮ್ ಎ ದೊರೆಯುತ್ತದೆ. ಒಂದು ಹನಿಯನ್ನು ತೆಗೆದು ನೈಟ್ರೋಪ್ರಸೈಡಿಗೆ ಹಾಕಿದಾಗ ಕೆಂಪುಬಣ್ಣ ಬಾರದಿದ್ದರೆ ಬಿಡಿ ಗಂಧಕವು ತೀರಿತೆಂದೂ ತಯಾರಿಕೆ ಮುಗಿಯಿತೆಂದೂ ಅರ್ಥ. ಗಂಧಕವು ಈ ಸ್ಥಿತಿಯಲ್ಲಿ ಅಣುವಿನ ಇತರ ಅಂಗಗಳಿಗಿಂತ ಮುಂಚೆಯೇ ಅನ್‌ಹೈಡ್ರೈಡನ್ನು ಹಿಡಿದುಕೊಳ್ಳುವುದರಿಂದ ಉಳಿದ ಅಂಗಗಳಿಗೆ ರಕ್ಷಣೆಯನ್ನು ಒದಗಿಸಬೇಕಾಗುವುದಿಲ್ಲ. ಕೋಎನ್‌ಜೈಮ್ ಎಯು ಗಾಳಿಯಲ್ಲಿ ಜೋಡಿಜೋಡಿಯಾಗಿ ಗಂಧಕದ ಮೂಲಕ ಬೆಸೆದುಕೊಳ್ಳುವ ಸ್ವಭಾವವುಳ್ಳದ್ದು. ಹಾಗೆ ಬೆಸೆದುಕೊಂಡಿದ್ದರೆ ಅದನ್ನು ಮೊದಲು ಬಿಡಿಸಿಕೊಳ್ಳಬೇಕು ಎಂಬುದೊಂದೇ ಮುಖ್ಯ ಎಚ್ಚರಿಕೆ. ಉದ್ದ ಸರಪಣಿಯ ಮೇದಾಮ್ಲಗಳಿಗೆ ಮಿಶ್ರ ಅನ್‌ಹೈಡ್ರೈಡಿನ ಕ್ರಮವು ರೂಢಿಗೆ ಬಂದಿತು.

ಲೀನೆನ್ನರು ಮತ್ತೊಂದು ಉಪಾಯವನ್ನೂ ಮಾಡಿದರು. ಕೋಎನ್‌ಜೈಮ್ ಎ ಆಗ ದುರ್ಲಭವಾಗಿದ್ದಿತು. ಅದರ ಗಂಧಕವಿರುವ ತುದಿಯನ್ನಷ್ಟೇ ಹೋಲುವ ಎನ್-ಅಸಿಟೈಲ್ ಸಿಸ್ಟಿಯಮೀನ್ ಎಂಬ ಸಣ್ಣ ಅಣುವನ್ನು ಅದರ ಸ್ಥಾನದಲ್ಲಿ ಬಳಸಿ, ಡೈಕೀಟೀನಿನ ಸಹಾಯದಿಂದ ಅಸಿಟೋಅಸಿಟೈಲ್ ಥಯೋಎಸ್ಟರನ್ನು ತಯಾರಿಸಿದರು. ಕಿಣ್ವಗಳು ಈ ನಕಲನ್ನೂ ಒಪ್ಪಿಕೊಂಡವು. ಈ ವಸ್ತುವು ಕ್ಷಾರದ್ರಾವಣದಲ್ಲಿ 303 ನ್ಯಾನೋಮೀಟರ್ ಅಲೆಯುದ್ದದ ಅತಿನೇರಿಳೆ ಬೆಳಕನ್ನು ಹೀರುವುದರಿಂದ ಕ್ರಿಯೆಯು ನಡೆಯುತ್ತಿರುವುದನ್ನು ಬೆಳಕಿನ ಮೂಲಕವೇ ನೋಡಬಹುದಾಯಿತು. ಇಂತಹ ಸಾಧನಗಳಿಂದ ಕೆಲವೇ ವರ್ಷಗಳಲ್ಲಿ ಮೇದಾಮ್ಲದ ಉತ್ಕರ್ಷಣೆಯ ನಾಲ್ಕು ಹೆಜ್ಜೆಗಳೂ ಬೇರೆಬೇರೆಯಾಗಿ ಸ್ಥಾಪಿತವಾದುವು. ಕ್ನೂಪ್ ಅವರು ಅರ್ಧ ಶತಮಾನದ ಹಿಂದೆ ಊಹಿಸಿದ ದಾರಿಯ ಪ್ರತಿಯೊಂದು ಮೈಲಿಗಲ್ಲೂ ಥಯೋಎಸ್ಟರೇ ಆಗಿದ್ದಿತು.

ಕೋಎನ್‌ಜೈಮ್ ಎಯನ್ನೇ ಮೊದಲಿನಿಂದ ಕಟ್ಟುವ ಕಾರ್ಯವು ಉಳಿದಿದ್ದಿತು. ಅದನ್ನು ಕೆನಡದ ವ್ಯಾಂಕೂವರಿನಲ್ಲಿ ಜಾನ್ ಮಾಫಟ್ ಅವರೊಡನೆ 1959ರಲ್ಲಿ ಸಾಧಿಸಿದವರು ಪಂಜಾಬಿನ ರಾಯ್‌ಪುರ ಗ್ರಾಮದಲ್ಲಿ ಹುಟ್ಟಿದ ಹರಗೋವಿಂದ ಖೊರಾನ ಅವರು. ಅವರಿಗೆ 1968ರಲ್ಲಿ ನೊಬೆಲ್ ಪಾರಿತೋಷಕ ಬಂದುದು ಬೇರೆಯ ಕಾರ್ಯಕ್ಕಾಗಿ. ಆದರೆ ಜೀವರಸಾಯನಜ್ಞರಿಗೆ ಅವರ ಹೆಸರು ಅದಕ್ಕೆ ಮೊದಲೇ ಈ ಸಂಶ್ಲೇಷಣೆಯಿಂದ ಪರಿಚಿತವಾಗಿದ್ದಿತು.

9. ಕಿಣ್ವದ ಮಡಿಲಿನಲ್ಲಿರುವವು

ಇನ್ನೂ ಎರಡು ಮಧ್ಯವರ್ತಿಗಳ ವಿಷಯವನ್ನು ಹೇಳದೆ ಈ ವಿವೇಚನೆ ಪೂರ್ಣವಾಗದು. ಇವೆರಡೂ ಕಿಣ್ವವನ್ನು ಬಿಟ್ಟು ಹೊರಕ್ಕೆ ಬಾರದ ವಸ್ತುಗಳು.

ಮೊದಲನೆಯದು, ಅಸಿಟೇಟು ಎ.ಟಿ.ಪಿ.ಯಿಂದ ಶಕ್ತಿಯನ್ನು ಪಡೆಯುವ ಕ್ಷಣಕ್ಕೆ ಸಂಬಂಧಿಸಿದುದು. ಕಿಣ್ವವು ಮೊದಲು ಎ.ಟಿ.ಪಿ.ಯ ಅಡಿನೈಲ್ ಭಾಗವನ್ನು ತನಗೇ ಅಂಟಿಸಿಕೊಳ್ಳುತ್ತದೆಂಬ ಊಹೆ 1953ರಲ್ಲಿ ಹೊರಬಂದಿದ್ದಿತು. ಸೇಂಟ್ ಲೂಯಿಸ್ ನಗರದಲ್ಲಿ ಪಾಲ್ ಬರ್ಗ್ ಅವರು ಗುರುತು ಹಾಕಿದ ಪೈರೋಫಾಸ್ಫೇಟನ್ನು ಬಳಸಿ ಪರೀಕ್ಷಿಸಿದಾಗ, ಅಸಿಟೇಟು ಇದ್ದರೆ ಮಾತ್ರ ಆ ಗುರುತು ಎ.ಟಿ.ಪಿ.ಯೊಳಕ್ಕೆ ಸೇರುತ್ತಿದ್ದಿತು. ಆ ಊಹೆಯು ಸರಿಯಾಗಿದ್ದರೆ ಅಸಿಟೇಟಿನ ಅಗತ್ಯವಿರಬೇಕಾಗಿರಲಿಲ್ಲ. ಆದುದರಿಂದ ಅಸಿಟೇಟು ಅಡಿನೈಲ್ ಭಾಗದೊಡನೆ ನೇರವಾಗಿ ಕೂಡಿ ಅಸಿಟೈಲ್ ಅಡಿನೈಲೇಟ್ ಆಗುತ್ತದೆಂದು ಬರ್ಗರು ತರ್ಕಿಸಿದರು. ಈ ವಸ್ತುವು ದ್ರಾವಣದಲ್ಲಿ ಸಂಗ್ರಹವಾಗುವುದೇ ಇಲ್ಲ. ಬರ್ಗರು ಅದನ್ನು ರಾಸಾಯನಿಕವಾಗಿ ತಯಾರಿಸಿ ಕಿಣ್ವಕ್ಕೆ ಕೊಟ್ಟರು. ಪೈರೋಫಾಸ್ಫೇಟನ್ನು ಜೊತೆಗಿಟ್ಟಾಗ ಎ.ಟಿ.ಪಿ.ಯೂ, ಕೋಎನ್‌ಜೈಮ್ ಎಯನ್ನು ಜೊತೆಗಿಟ್ಟಾಗ ಅಸಿಟೈಲ್ ಕೋಎನ್‌ಜೈಮ್ ಎಯೂ ದೊರೆತುವು. 1956ರಲ್ಲಿ ಪ್ರಕಟವಾದ ಈ ಕಾರ್ಯದಲ್ಲಿ, ಎಂದೂ ಬಿಡಿಯಾಗಿ ಕಾಣಿಸಿಕೊಳ್ಳದ ವಸ್ತುವಿನ ಅಸ್ತಿತ್ವವು ತಯಾರಿಕೆಯಿಂದ ಸಿದ್ಧವಾಯಿತು.

ಎರಡನೆಯದು ಮೇದಾಮ್ಲವನ್ನು ಕಟ್ಟುವ ದಾರಿಗೆ ಸೇರಿದುದು. ಈ ದಾರಿಯಲ್ಲಿ ಬೈಕಾರ್ಬೊನೇಟು ಬೇಕೇಬೇಕು; ಆದರೆ ಅದರ ಇಂಗಾಲವು ಸಿದ್ಧವಾದ ಮೇದಾಮ್ಲದಲ್ಲಿ ಕಾಣುವುದಿಲ್ಲ. ವಿಸ್ಕಾನ್ಸಿನ್ನಿನಲ್ಲಿ ಸಾಲಿಹ್ ವಾಕಿಲ್ ಅವರು 1958ರಲ್ಲಿ ಈ ಒಗಟನ್ನು ಬಿಡಿಸಿದರು: ಬೈಕಾರ್ಬೊನೇಟು ಅಸಿಟೈಲ್ ಕೋಎನ್‌ಜೈಮ್ ಎಗೆ ಸೇರಿ ಮೂರು ಇಂಗಾಲಗಳ ಮಲೊನೈಲ್ ಕೋಎನ್‌ಜೈಮ್ ಎ ಆಗುತ್ತದೆ; ಸರಪಣಿಗೆ ಜೋಡಣೆಯಾಗುವಾಗ ಸೇರಿದ ಇಂಗಾಲವೇ ಮತ್ತೆ ಬಿಟ್ಟುಹೋಗುತ್ತದೆ. ಈ ಸೇರ್ಪಡೆಯನ್ನು ಮಾಡುವ ಕಿಣ್ವದಲ್ಲಿ ಬಯೋಟಿನ್ ಎಂಬ ಜೀವಸತ್ತ್ವವಿರುತ್ತದೆ. ಇದೇ ವರ್ಗದ ಮತ್ತೊಂದು ಕಿಣ್ವದ ಸಹಾಯದಿಂದ ಬಿಡಿ ಬಯೋಟಿನ್ನಿಗೆ ಇಂಗಾಲದ ಡೈಆಕ್ಸೈಡು ಅಂಟಿಕೊಳ್ಳುವುದನ್ನು ಲೀನೆನ್ನರ ಪ್ರಯೋಗಶಾಲೆಯವರು ಕಂಡರು. ಆದರೆ ಆ ಕಾರ್ಬಾಕ್ಸಿಬಯೋಟಿನ್ ಆಮ್ಲ ಸೋಂಕಿದರೆ ಒಡನೆಯೇ ಮುರಿಯುತ್ತದೆ. ಅವರು ಅದನ್ನು ಡಯಜೋಮೀಥೇನಿನಿಂದ ಮೀಥೈಲ್ ಎಸ್ಟರನ್ನಾಗಿ ಮಾಡಿ, ಸ್ಥಿರಗೊಳಿಸಿ, ರಚನೆಯನ್ನು ನಿರ್ಧರಿಸಿದರು.

ಹೀಗೆ ಬೋನಿನಲ್ಲಿ ಹಿಡಿದುದು ಹಿಡಿಯುವ ಗಡಿಬಿಡಿಯಲ್ಲಿ ಸ್ಥಳ ಬದಲಾಯಿಸಿರಬಾರದೇಕೆ ಎಂಬ ಆಕ್ಷೇಪಣೆಯೂ ಮುಂದೆ ಬಂದಿತು. ಡೈಆಕ್ಸೈಡು ನಿಜವಾಗಿ ಅಂಟುವುದು ಬಯೋಟಿನ್ನಿನ ಆಮ್ಲಜನಕಕ್ಕೆ, ಸಾರಜನಕಕ್ಕಲ್ಲ ಎಂಬ ವಾದವು ಹುಟ್ಟಿತು. ಡೇನಿಯಲ್ ಲೇನ್ ಮತ್ತು ಅವರ ಸಂಗಡಿಗರು 1974ರಲ್ಲಿ, ಸಾರಜನಕಕ್ಕೆ ಅಂಟಿರುವ ರೂಪವನ್ನು ತಯಾರಿಸಿ ಕಿಣ್ವಕ್ಕೆ ಕೊಟ್ಟು, ಅದು ಸ್ವೀಕೃತವಾಗುವುದನ್ನು ತೋರಿಸಿದ ಮೇಲೆ ಹಿಂದಿನ ನಿರ್ಧಾರವು ಗಟ್ಟಿಯಾಯಿತು.

10. ಉಪಸಂಹಾರ

ಈ ಚರಿತ್ರೆಯಲ್ಲಿ ಮೂರು ವಿಧದ ಸಾಕ್ಷ್ಯಗಳು ಒಂದರ ಮೇಲೊಂದು ಕೂಡಿರುವುದನ್ನು ಗಮನಿಸಬಹುದು. ಕ್ನೂಪ್ ಅವರದು ಕುರುಹಿನ ಸಾಕ್ಷ್ಯ. ಉಳಿದುದರಿಂದ ಹೋದುದನ್ನು ಊಹಿಸಿದುದು. ಹೈಡ್ರಾಕ್ಸಿಲಮೀನ್, ಡಯಜೋಮೀಥೇನ್‌ಗಳದು ಸೆರೆಯ ಸಾಕ್ಷ್ಯ. ವಸ್ತುವನ್ನು ಹಿಡಿದರೂ ಹಿಡಿಯುವುದರಿಂದಲೇ ಅದು ಬದಲಾಗಿರುತ್ತದೆ. ಮೂರನೆಯದು ತಯಾರಿಕೆಯ ಸಾಕ್ಷ್ಯ. ವಸ್ತುವನ್ನು ಸ್ವತಂತ್ರವಾಗಿ ರಚಿಸಿ, ಕಿಣ್ವವು ಅದನ್ನು ಮುಂದಕ್ಕೆ ಒಯ್ಯುವುದನ್ನು ನೋಡುವುದು. ಅಸಿಟೈಲ್ ಫಾಸ್ಫೇಟು ಮೊದಲೆರಡು ಪರೀಕ್ಷೆಗಳನ್ನು ದಾಟಿ ಮೂರನೆಯದರಲ್ಲಿ ಸೋತಿತು. ಅಸಿಟೈಲ್ ಕೋಎನ್‌ಜೈಮ್ ಎ ಮೂರನ್ನೂ ದಾಟಿತು.

ಅಸ್ಥಿರತೆಯು ಈ ವಸ್ತುಗಳ ದೋಷವಲ್ಲವೆಂಬುದೂ ಇದರಿಂದ ವ್ಯಕ್ತವಾಗುತ್ತದೆ. ಅಸಿಟೈಲ್ ಅಡಿನೈಲೇಟು ಕಿಣ್ವದ ಮಡಿಲಿನಲ್ಲಿ ಮಾತ್ರ ಬಾಳಬೇಕಾದುದು; ಆದುದರಿಂದ ಅದು ಅತ್ಯಂತ ದುರ್ಬಲವಾಗಿದ್ದರೂ ಬಾಧೆಯಿಲ್ಲ. ಅಸಿಟೈಲ್ ಕೋಎನ್‌ಜೈಮ್ ಎ ಒಂದು ಕಿಣ್ವದಿಂದ ಮತ್ತೊಂದಕ್ಕೆ ಸಂಚರಿಸಬೇಕಾದುದು. ಆದುದರಿಂದ ಅದಕ್ಕೆ ಹೆಚ್ಚಿನ ಸ್ಥಿರತೆ ಬೇಕು. ಪ್ರತಿಯೊಂದಕ್ಕೂ ಅದರದರ ಪ್ರಯಾಣದ ದೂರಕ್ಕೆ ತಕ್ಕ ಆಯುಸ್ಸು ದೊರೆತಿದೆ.

ಪಠ್ಯಪುಸ್ತಕದ ನಕ್ಷೆಯಲ್ಲಿ ಎಲ್ಲ ಹೆಸರುಗಳೂ ಒಂದೇ ಅಳತೆಯ ಅಕ್ಷರಗಳಲ್ಲಿ ಅಚ್ಚಾಗಿರುತ್ತವೆ. ಯಾವುದು ಸೀಸೆಯಲ್ಲಿಡಬಹುದಾದ ವಸ್ತು, ಯಾವುದು ಸೆರೆಹಿಡಿದು ನೋಡಿದುದು, ಯಾವುದು ಇನ್ನೂ ಕೇವಲ ತರ್ಕದಿಂದ ಒಪ್ಪಿರುವುದು ಎಂಬ ಭೇದವು ಅಲ್ಲಿ ಕಾಣಿಸುವುದಿಲ್ಲ. ಅಧ್ಯಾಪಕರು ಪಾಠವನ್ನು ಹೇಳುವಾಗ ಪ್ರತಿಯೊಂದು ಹೆಸರಿನ ಬಳಿಯೂ ಒಂದು ಕ್ಷಣ ನಿಂತು, ಇದನ್ನು ಯಾರು, ಯಾವಾಗ, ಹೇಗೆ ತಯಾರಿಸಿ ತೋರಿಸಿದರು ಎಂದು ಕೇಳಿಸಿದರೆ, ನಕ್ಷೆಯು ಬಾಯಿಪಾಠದ ವಸ್ತುವಾಗದೆ ವಿಚಾರದ ವಸ್ತುವಾಗುತ್ತದೆ. ಇತಿಹಾಸವೂ ವಿಜ್ಞಾನವೂ ತಮ್ಮ ವಿದ್ಯಾರ್ಥಿಗಳಿಂದ ಬೇಡುವುದು ಈ ಒಂದು ಅಭ್ಯಾಸವನ್ನೇ.